ಶಾಫ್ಟ್ ಮುರಿದಿದ್ದು ಯಾವಾಗ?

ಪಾಂಡವಪುರದ ಹತ್ತಿರ ಇರುವ ನಮ್ಮ ಚಿಕ್ಕಪ್ಪನ ಆಲೆಮನೆಯಲ್ಲಿ ಹೋದ ಭಾನುವಾರ ಗಾಣದ ಶಾಫ್ಟ್, ಅಂದರೆ ಗಾಣದಲ್ಲಿ ತಿರುಗುವ ಉಕ್ಕಿನ ದಂಡ, ಮುರಿಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ಹೊರಗೆ ಕಡಿದ ಕಬ್ಬು ರಾಶಿ ಬಿದ್ದಿತ್ತು. ಕಡಿದ ಕಬ್ಬನ್ನು ಹಾಗೇ ಬಿಟ್ಟರೆ ದಿನ ಕಳೆದಂತೆ ಸಕ್ಕರೆ ಅಂಶ ಇಳಿಯುತ್ತದೆ, ಬೆಲ್ಲ ಸರಿಯಾಗಿ ಅಚ್ಚು ಕಟ್ಟುವುದಿಲ್ಲ. ಹಾಗಾಗಿ ಚಿಕ್ಕಪ್ಪನಿಗೆ ಸಿಟ್ಟು ಬಂದಿದ್ದು ನನಗೆ ಅರ್ಥವಾಗುತ್ತದೆ. ಆದರೆ ಆ ಸಿಟ್ಟೆಲ್ಲ ಗಾಣಕ್ಕೆ ಕಬ್ಬು ಕೊಡುತ್ತಿದ್ದ ಹುಡುಗನ ಮೇಲೆ ಹೋಯಿತು. ಮಳವಳ್ಳಿ ಕಡೆಯವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ.

"ಕಂತೆಗಟ್ಲೆ ತುರುಕಿದ್ರೆ ಕಬ್ಬಿಣ ತಡ್ಕೊಳ್ತದೇನ್ಲಾ?"

"ಇಲ್ಲ ಗೌಡ್ರೇ, ನಾಕೇ ಜಲ್ಲೆ ಕೊಟ್ಟಿದ್ದು."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವಾರದ ಕೂಲಿಯನ್ನು ಹಿಡಿದುಕೊಂಡರು. ಸಂಜೆ ಹೊತ್ತಿಗೆ ಹುಡುಗ ಬ್ಯಾಗ್ ತಗೊಂಡು ಹೊರಟೇ ಹೋದ.

ಹೊಸ ಶಾಫ್ಟ್ ಮಾಡಿಸುವ ಮುಂಚೆ ಒಮ್ಮೆ ತಿಳಿದವರಿಗೆ ತೋರಿಸೋಣ ಅಂತ ನಾನು ಹಟ ಹಿಡಿದೆ. ಮೈಸೂರಿನ ಕುವೆಂಪುನಗರದಲ್ಲಿ ನನ್ನ ಸ್ನೇಹಿತನ ತಂದೆ ಇದ್ದಾರೆ. ಲೋಹಶಾಸ್ತ್ರ ಓದಿದವರು. ಕಾರ್ಖಾನೆಯ ಲ್ಯಾಬಿನಲ್ಲಿ ಮುರಿದ ಆಕ್ಸಲ್, ಸೀಳಿದ ಪೈಪು, ಹಲ್ಲು ಉದುರಿದ ಗೇರು ಇಂಥವನ್ನೇ ನೋಡುತ್ತಾ ನಿವೃತ್ತರಾದರು. ಮಾತು ಕಡಿಮೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ನೇರವಾಗಿ ಹೇಳಿಬಿಡುತ್ತಾರೆ. ಅದಕ್ಕೇ ನನಗೆ ಅವರನ್ನು ಕಂಡರೆ ಮೊದಲಿನಿಂದಲೂ ಗೌರವ.

ಮಂಗಳವಾರ ಅವರನ್ನು ಕರೆದುಕೊಂಡು ಹೋದೆ. ಚಿಕ್ಕಪ್ಪ ಎರಡೂ ತುಂಡು ಎತ್ತಿ ಒಂದಕ್ಕೊಂದು ಜೋಡಿಸಿ ತೋರಿಸಲು ಹೋದರು. "ಬೇಡ ಗೌಡ್ರೇ, ಜೋಡಿಸಬೇಡಿ. ಉಜ್ಜಿದರೆ ಗುರುತೆಲ್ಲ ಅಳಿಸಿಹೋಗುತ್ತೆ" ಅಂತ ತಡೆದರು. ಸೀಮೆಎಣ್ಣೆ ಕೇಳಿ ಮೆತ್ತಗಿನ ಬ್ರಷ್ಷಿನಲ್ಲಿ ಗ್ರೀಸು ತೊಳೆದರು. ಮೊಬೈಲ್ ಟಾರ್ಚನ್ನು ಮುರಿದ ಮುಖದ ಮೇಲೆ ಓರೆಯಾಗಿ ಹಿಡಿದರು. ಆಮೇಲೆ ಆ ಮಾತು ಹೇಳಿದರು.

"ಗೌಡ್ರೇ, ಇದು ಭಾನುವಾರ ಮುರಿದಿದ್ದಲ್ಲ."

"ಅಯ್ಯೋ, ನನ್ ಕಣ್ಣೆದುರೇ ಮುರೀತಲ್ಲ ಸಾ!"

"ನೀವು ನೋಡಿದ್ದು ಕೊನೆ ಸುತ್ತು ಅಷ್ಟೇ."

ಈ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಮಾತು ಸುತ್ತುತ್ತಿದೆ.

ಅವರು ತೋರಿಸಿದ ಮೇಲೆ ನನ್ನ ಕಣ್ಣಿಗೂ ಕಂಡಿತು. ಮುರಿದ ಮುಖದಲ್ಲಿ ಮುಕ್ಕಾಲು ಭಾಗ ನುಣ್ಣಗಿತ್ತು. ಕಂದು ಬಣ್ಣಕ್ಕೆ ತಿರುಗಿತ್ತು. ಅಂಚಿನ ಒಂದು ಕಡೆಯಿಂದ ಹೊರಟ ಬಾಗಿದ ಗೆರೆಗಳು, ಬೇಸಿಗೆಯಲ್ಲಿ ಕೆರೆ ನೀರು ಇಳಿಯುತ್ತಾ ದಂಡೆಯಲ್ಲಿ ಗೆರೆ ಬಿಡುತ್ತದಲ್ಲ, ಹಾಗೆ ಒಂದರ ಹಿಂದೆ ಒಂದು. ಉಳಿದ ಕಾಲು ಭಾಗ ಮಾತ್ರ ಒರಟು, ಬೂದು ಬಣ್ಣ, ಹೊಸದಾಗಿ ಹೊಳೆಯುತ್ತಿತ್ತು. ಬಿರುಕು ಸ್ವಲ್ಪ ಬೆಳೆದು, ನಿಂತು, ಮತ್ತೆ ಬೆಳೆದ ಗುರುತು ಆ ಗೆರೆಗಳು. ಬಿರುಕಿನೊಳಗೆ ಗಾಳಿ, ನೀರು ಇಳಿದು ತುಕ್ಕು ಹಿಡಿದಿತ್ತು. ಭಾನುವಾರ ಮುರಿದಿದ್ದು ಆ ಹೊಳೆಯುವ ಕಾಲು ಭಾಗ ಮಾತ್ರ.

ಇದಕ್ಕಿಂತ ದೊಡ್ಡ ವಿಷಯ ಅವರು ಆಮೇಲೆ ಹೇಳಿದರು. ಭಾರ ಜಾಸ್ತಿಯಾಗಿ ಮುರಿದಿದ್ದರೆ ಒರಟು ಭಾಗ ದೊಡ್ಡದಿರಬೇಕಿತ್ತು. ಇಲ್ಲಿ ಕಾಲು ಭಾಗದಷ್ಟು ಉಕ್ಕು ಉಳಿಯುವವರೆಗೂ ಗಾಣ ತಿರುಗಿದೆ ಅಂದರೆ ಅದರ ಮೇಲೆ ಬೀಳುತ್ತಿದ್ದ ಭಾರ ಕಮ್ಮಿಯೇ. ಹುಡುಗ ಹೇಳಿದ್ದು ನಿಜ. ನಾಲ್ಕೇ ಜಲ್ಲೆ ಕೊಟ್ಟಿದ್ದಾನೆ. ಮನುಷ್ಯರು ಕೇಳದ ಸಾಕ್ಷಿಯನ್ನು ಉಕ್ಕು ಇಟ್ಟುಕೊಂಡಿತ್ತು.

ಹಾಗಾದರೆ ಬಿರುಕು ಎಲ್ಲಿಂದ ಹುಟ್ಟಿತು? ಬೇರಿಂಗ್ ಕೂರುವ ಜಾಗ ಸವೆದಿದ್ದರಿಂದ ಹೋದ ವರ್ಷ ಅಲ್ಲಿ ವೆಲ್ಡಿಂಗ್ ತುಂಬಿಸಿ, ಲೇತಿಗೆ ಹಾಕಿ ಅಳತೆಗೆ ತಂದಿದ್ದರು. ಗೆರೆಗಳೆಲ್ಲ ಆ ವೆಲ್ಡಿಂಗಿನ ಅಂಚಿಗೇ ಹೋಗಿ ಸೇರುತ್ತಿದ್ದವು. ಶಾಫ್ಟಿಗೆ ಸಾಮಾನ್ಯವಾಗಿ ಬಳಸುವ ಉಕ್ಕಿನಲ್ಲಿ ನೂರಕ್ಕೆ 0.4ರ ಆಸುಪಾಸು ಕಾರ್ಬನ್ ಇರುತ್ತದೆ. ಗೇಟು, ಗ್ರಿಲ್ಲಿಗೆ ಹಾಕುವ ಮೆತ್ತಗಿನ ಉಕ್ಕಿನಲ್ಲಿ ಸಾಮಾನ್ಯವಾಗಿ ಇದರ ಅರ್ಧದಷ್ಟೋ ಅದಕ್ಕಿಂತ ಕಮ್ಮಿಯೋ ಇರುತ್ತದೆ. ಕಾರ್ಬನ್ ಜಾಸ್ತಿ ಇರುವ ಉಕ್ಕಿಗೆ ಹಾಗೇ ವೆಲ್ಡಿಂಗ್ ಮಾಡಿದರೆ, ಪಕ್ಕದ ಜಾಗ ಕೆಂಪಗೆ ಕಾದು, ಸುತ್ತಲಿನ ತಣ್ಣನೆ ಉಕ್ಕು ಆ ಬಿಸಿಯನ್ನು ಸರಕ್ಕನೆ ಎಳೆದುಕೊಂಡುಬಿಡುತ್ತದೆ. ಆಗ ಅಲ್ಲಿ ಮಾರ್ಟೆನ್ಸೈಟ್ ಅನ್ನುವ ತುಂಬಾ ಗಡುಸಾದ, ಬಾಗಲಾರದ ಪಟ್ಟಿ ಹುಟ್ಟುತ್ತದೆ. ಬಿರುಕಿಗೆ ಅದೇ ಸಾಕು. ಮೊದಲೇ ಬಿಸಿ ಮಾಡಿಕೊಂಡು ವೆಲ್ಡಿಂಗ್ ಮಾಡಿ, ಆಮೇಲೆ ಬೂದಿಯಲ್ಲಿ ಹೂತಿಟ್ಟು ನಿಧಾನಕ್ಕೆ ಆರಲು ಬಿಡಬೇಕಂತೆ. ಆಲೆಮನೆಯಲ್ಲಿ ಬೂದಿಗೇನು ಬರ ಹೇಳಿ! ಒಲೆಯ ಪಕ್ಕ ಗುಡ್ಡೆ ಬಿದ್ದಿರುತ್ತದೆ.

"ಕತ್ತರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದ ಮೇಲೆ ಕಾರಣ ಖಚಿತವಾಗಿ ಹೇಳ್ತೀನಿ. ಆದರೆ ಬಿರುಕು ಹಳೇದು ಅನ್ನೋದಕ್ಕೆ ಮೈಕ್ರೋಸ್ಕೋಪ್ ಬೇಡ" ಅಂದರು.

ವಾಪಸ್ ಬರುವಾಗ ಶ್ರೀರಂಗಪಟ್ಟಣ ದಾಟುವವರೆಗೂ ಅವರನ್ನು ಕೇಳುತ್ತಲೇ ಇದ್ದೆ. ತಿರುಗುವ ಶಾಫ್ಟಿನ ಮೈ ಪ್ರತಿ ಸುತ್ತಿಗೂ ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಗುತ್ತದೆ. ನಿಮಿಷಕ್ಕೆ 200 ಸುತ್ತು ಅಂದುಕೊಂಡರೆ ಗಂಟೆಗೆ 12,000. ದಿನಕ್ಕೆ 10 ಗಂಟೆ ಆಡಿದರೆ 1,20,000. ಒಂದೊಂದು ಸುತ್ತೂ ಏನೂ ಅಲ್ಲ. ಅಷ್ಟೂ ಸೇರಿದಾಗ ಉಕ್ಕು ದಣಿಯುತ್ತದೆ. 1842ರಲ್ಲಿ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ ಹೀಗೇ ಮುರಿದು 50ಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ಜರ್ಮನಿಯ ವೋಲರ್ ಎಂಬ ಎಂಜಿನಿಯರ್ ಆಕ್ಸಲ್‌ಗಳನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ, ಒಂದೇ ಸಲಕ್ಕೆ ಮುರಿಯಲು ಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ಭಾರ ಮತ್ತೆ ಮತ್ತೆ ಬಿದ್ದರೂ ಉಕ್ಕು ಮುರಿಯುತ್ತದೆ ಅಂತ ತೋರಿಸಿದ. 1954ರಲ್ಲಿ ಕಾಮೆಟ್ ಅನ್ನುವ ಎರಡು ಪ್ರಯಾಣಿಕ ವಿಮಾನಗಳೂ ಹೀಗೇ ಲೋಹ ದಣಿದು ಆಕಾಶದಲ್ಲೇ ಒಡೆದವು. ಇಂಗ್ಲೆಂಡಿನಲ್ಲಿ ಅದೇ ಥರದ ವಿಮಾನವನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೆ ಒತ್ತಡ ಏರಿಸಿ ಇಳಿಸಿ, ಕಿಟಕಿಯಂಥ ತೆರವಿನ ಮೂಲೆಯಿಂದ ಬಿರುಕು ಹೊರಡುವುದನ್ನು ಪತ್ತೆ ಮಾಡಿದರು.

ಇಷ್ಟು ಹಳೆಯ ತಿಳಿವಳಿಕೆ ಪಾಂಡವಪುರದ ವೆಲ್ಡಿಂಗ್ ಶೆಡ್ಡಿಗೆ ಇನ್ನೂ ಯಾಕೆ ಬಂದಿಲ್ಲ? ನನಗೆ ವೆಲ್ಡಿಂಗ್ ಮಾಡಿದವರ ಮೇಲೆ ಸಿಟ್ಟಿಲ್ಲ. ಅವರ ಕೈ ಚೆನ್ನಾಗಿದೆ. ಅದು ಯಾವ ಉಕ್ಕು ಅಂತ ಅವರಿಗೆ ಯಾರೂ ಹೇಳಿಲ್ಲ, ಅಂಗಡಿಯವನು ಶಾಫ್ಟ್ ಮಾರುವಾಗಲೂ ಬರೆದುಕೊಟ್ಟಿಲ್ಲ. ಮೈಸೂರಿನ ಕಾರ್ಖಾನೆಗಳಲ್ಲಿ ಬಿರುಕು ಹುಡುಕಲು ಮೂರು ಸ್ಪ್ರೇ ಡಬ್ಬಿ ಬಳಸುತ್ತಾರೆ. ಒಂದರಲ್ಲಿ ತೊಳೆದು, ಇನ್ನೊಂದರಿಂದ ಕೆಂಪು ಬಣ್ಣ ಹೊಡೆದು, ಅದು ಇಳಿಯಲು ಬಿಟ್ಟು ಒರೆಸಿ, ಮೂರನೆಯದರಿಂದ ಬಿಳಿ ಪುಡಿ ಹಾಕಿದರೆ ಬಿರುಕಿದ್ದ ಕಡೆ ಕೆಂಪು ಗೆರೆ ಎದ್ದು ಬರುತ್ತದೆ. ಆಲೆ ಆಡಲು ಶುರು ಮಾಡುವ ಮುಂಚೆ ಒಂದು ಬೆಳಗ್ಗೆ ಕೂತರೆ ಊರಿನ ಎಲ್ಲ ಗಾಣದ ಶಾಫ್ಟನ್ನೂ ನೋಡಿಬಿಡಬಹುದು. ಹಾಲಿನ ಸೊಸೈಟಿಯವರೋ ರೈತ ಸಂಘದವರೋ ಮನಸ್ಸು ಮಾಡಿದರೆ ದೊಡ್ಡ ಖರ್ಚೇನಲ್ಲ.

ಕಾಡುವುದು ಇನ್ನೊಂದು. ಟ್ರಾನ್ಸ್‌ಫಾರ್ಮರ್ ಸುಟ್ಟರೆ ಲೈನ್‌ಮ್ಯಾನ್, ಬಸ್ಸಿನ ಬ್ರೇಕ್ ಹಿಡಿಯದಿದ್ದರೆ ಡ್ರೈವರ್, ಗಾಣ ಮುರಿದರೆ ಕಬ್ಬು ಕೊಟ್ಟ ಹುಡುಗ. ಕೊನೆಯಲ್ಲಿ ಯಾರ ಕೈ ಅಲ್ಲಿತ್ತೋ ಅವರೇ ಸಿಕ್ಕಿಬೀಳುತ್ತಾರೆ. ಉಳಿದ ಮುಕ್ಕಾಲು ಭಾಗವನ್ನು ಟಾರ್ಚ್ ಹಿಡಿದು ನೋಡುವ ತಾಳ್ಮೆ ಯಾರಿಗಿದೆ? ಆ ಹುಡುಗನ ಜಾಗದಲ್ಲಿ ಚಿಕ್ಕಪ್ಪನ ಮಗನಿದ್ದಿದ್ದರೆ ಅವನ ಮಾತು ಕೇಳುತ್ತಿದ್ದರು, ಅಲ್ವಾ?

ಚಿಕ್ಕಪ್ಪ ಕೆಟ್ಟವರಲ್ಲ. ಬುಧವಾರ ತಾವೇ ಹುಡುಗನಿಗೆ ಫೋನ್ ಮಾಡಿ "ಬಾರ್ಲಾ" ಅಂದರಂತೆ. "ಇಲ್ಲೊಂದ್ ಆಲೆಮನೇಲಿ ಸೇರ್ಕಂಡಿವ್ನಿ ಗೌಡ್ರೇ, ಆಮೇಲ್ ನೋಡ್ತೀನಿ" ಅಂದನಂತೆ ಅವನು. ಹಿಡಿದುಕೊಂಡ ಕೂಲಿಯ ವಿಷಯ ಇಬ್ಬರೂ ಎತ್ತಿಲ್ಲ. ಅವನು ಬರಲಿ ಬಿಡಲಿ, ಆ ದುಡ್ಡು ಅವನಿಗೆ ಸೇರಲೇಬೇಕು ಅಂತ ಚಿಕ್ಕಪ್ಪನಿಗೆ ಹೇಳಿದ್ದೇನೆ. ಹೊಸ ಶಾಫ್ಟ್ ಕೂರಿಸುವಾಗ ಊರಿಗೆ ಹೋಗುತ್ತೇನೆ, ಆಗಲೂ ಹೇಳುತ್ತೇನೆ.