ಶಬ್ದದ ಗುಂಡಿಯಲ್ಲಿ ಅಳೆದ ಸಿಟ್ಟು

ನಿನ್ನೆ ಸಂಜೆ ಅಕ್ಕನ ಹತ್ತು ವರ್ಷದ ಮಗ ಆಟದಲ್ಲಿ ಸೋತು ಟ್ಯಾಬನ್ನು ಸೋಫಾದ ಮೇಲೆ ಎಸೆದಾಗ, ವಿಡಿಯೊ ಗೇಮ್‌ಗಳಿಂದಲೇ ಮಕ್ಕಳು ಕೆಡುತ್ತಿರುವುದೆಂದು ಮನೆಯವರೆಲ್ಲ ಒಂದೇ ದನಿಯಲ್ಲಿ ತೀರ್ಪು ಕೊಟ್ಟರು. ಹೋದ ತಿಂಗಳು ಕೇರಂನಲ್ಲಿ ಸೋತು ಅವನೇ ಸ್ಟ್ರೈಕರ್ ಎಸೆದದ್ದು ಯಾರಿಗೂ ನೆನಪಾಗಲಿಲ್ಲ.

ಇಂಥ ತೀರ್ಪುಗಳಿಗೆ ಆಧಾರವಾಗಿರುವ ಸಂಶೋಧನೆಗಳು ಆಕ್ರಮಣಶೀಲತೆಯನ್ನು ಅಳೆದ ಬಗೆಯನ್ನು ಗಮನಿಸಿದರೆ ಅಚ್ಚರಿಯಾಗುತ್ತದೆ. ಅಮೆರಿಕದ ಕ್ರೇಗ್ ಆ್ಯಂಡರ್ಸನ್ ಮತ್ತು ಕ್ಯಾರೆನ್ ಡಿಲ್ 2000ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಆಡಿದವರು ಮಕ್ಕಳಲ್ಲ, ಕಾಲೇಜು ವಿದ್ಯಾರ್ಥಿಗಳು. ಕಣ್ಣಿಗೆ ಕಾಣದ, ವಾಸ್ತವದಲ್ಲಿ ಇರದೇ ಇದ್ದ ಎದುರಾಳಿಗೆ ಅವರು ಎಷ್ಟು ಹೊತ್ತು, ಎಷ್ಟು ಜೋರಾಗಿ ಕರ್ಕಶ ಶಬ್ದ ಕೇಳಿಸಿದರೆಂಬುದೇ ಸಿಟ್ಟಿನ ಅಳತೆಯಾಗಿತ್ತು. ಹಿಂಸಾತ್ಮಕ ಆಟ ಆಡಿದವರಿಗೂ ಹಿಂಸೆಯಿಲ್ಲದ ಆಟ ಆಡಿದವರಿಗೂ ವ್ಯತ್ಯಾಸ ಕಂಡದ್ದು ಶಬ್ದದ ಅವಧಿಯಲ್ಲಿ, ಅದರ ಜೋರಿನಲ್ಲಲ್ಲ. ಇದೇ ಬಗೆಯ ಪರೀಕ್ಷೆಯ ಅಂಕಗಳನ್ನು ಬೇರೆ ಬೇರೆ ಪ್ರಬಂಧಗಳು ನೂರಕ್ಕೂ ಹೆಚ್ಚು ವಿಧಗಳಲ್ಲಿ ಲೆಕ್ಕ ಹಾಕಿರುವುದನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಮಾಲ್ಟೆ ಎಲ್ಸನ್ ಪಟ್ಟಿ ಮಾಡಿದ್ದಾರೆ. ಬಟ್ಟೆ ಅಂಗಡಿಯವನು ಗಿರಾಕಿಗೊಂದು ಗಜಕಡ್ಡಿ ಇಟ್ಟುಕೊಂಡರೆ ನಾವು ಸುಮ್ಮನಿರುತ್ತೇವೆಯೇ?

2019ರಲ್ಲಿ ಆಕ್ಸ್‌ಫರ್ಡಿನ ಆ್ಯಂಡ್ರೂ ಶಿಬಿಲ್‌ಸ್ಕಿ ಮತ್ತು ಕಾರ್ಡಿಫ್ ವಿಶ್ವವಿದ್ಯಾಲಯದ ನೆಟ್ಟಾ ವೈನ್‌ಸ್ಟೀನ್, ಫಲಿತಾಂಶ ನೋಡಿ ಬದಲಿಸಲಾಗದಂತೆ ಲೆಕ್ಕದ ವಿಧಾನವನ್ನು ಮೊದಲೇ ನೋಂದಾಯಿಸಿ, 14-15 ವಯಸ್ಸಿನ ಸುಮಾರು ಸಾವಿರ ಬ್ರಿಟಿಷ್ ಮಕ್ಕಳನ್ನೂ ಅವರ ಪೋಷಕರನ್ನೂ ವಿಚಾರಿಸಿದಾಗ ಹಿಂಸಾತ್ಮಕ ಆಟಕ್ಕೂ ಆಕ್ರಮಣಶೀಲ ವರ್ತನೆಗೂ ನಂಟು ಸಿಗಲಿಲ್ಲ. ಹಾಗೆಂದು ಅದೂ ಕೊನೆಯ ಮಾತಲ್ಲ, ಏಕೆಂದರೆ ಅದು ಒಂದು ಹೊತ್ತಿನಲ್ಲಿ ತೆಗೆದ ಚಿತ್ರ ಮಾತ್ರ, ಪೋಷಕರ ನೆನಪನ್ನು ನೆಚ್ಚಿದ್ದು. ನಮ್ಮ ಮನೆಯಲ್ಲಿ ಆ ನೆನಪಿನ ಗತಿ ಏನೆಂದು ಮೇಲೆಯೇ ಹೇಳಿದ್ದೇನೆ.

ಟ್ಯಾಬಿಗೆ ಏನೂ ಆಗಿಲ್ಲ. ಅಕ್ಕ ಅದನ್ನು ಬೀರುವಿನ ಮೇಲೆ ಇಟ್ಟಿದ್ದಾಳೆ, ಕೇರಂ ಬೋರ್ಡಿನ ಪಕ್ಕದಲ್ಲೇ.