ಶಿರಸಿಯಿಂದ ಉಂಚಳ್ಳಿಗೆ ಸೈಕಲ್: ವಿದ್ಯಾರ್ಥಿಗಳನ್ನು ಕರೆದೊಯ್ಯುವವರಿಗೆ

ಶಿರಸಿಯಿಂದ ಉಂಚಳ್ಳಿ ಜಲಪಾತ ಸುಮಾರು 35 ಕಿ.ಮೀ. ಬಸ್ಸಿನಲ್ಲಿ ಹೋದ ಮಕ್ಕಳಿಗೆ ನೆನಪಿರುವುದು ಜಲಪಾತ ಒಂದೇ. ಸೈಕಲ್ಲಿನಲ್ಲಾದರೆ ಅಡಿಕೆ ತೋಟ, ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ಕಡಿಯುವ ಕಾಡು), ಕಾನು (ದಟ್ಟ ಹಸಿರು ಕಾಡು) ಒಂದಾದ ಮೇಲೊಂದು ಬರುವುದು ಕಣ್ಣಿಗೂ ಮೈಗೂ ಗೊತ್ತಾಗುತ್ತದೆ. ಹಾಗಾಗಿ ಹೆಚ್ಚಿನ ಹೊತ್ತನ್ನು ದಾರಿಗೇ ಇಡಿ.

ನವೆಂಬರ್‌ನಿಂದ ಜನವರಿ ಸರಿಯಾದ ಕಾಲ. ಜಲಪಾತದ ಹೊಳೆ ಅಘನಾಶಿನಿಯಲ್ಲಿ ನೀರಿರುತ್ತದೆ, ರಸ್ತೆ ಒಣಗಿರುತ್ತದೆ. ಮಳೆಗಾಲದಲ್ಲಿ ನೆರಳಿರುವ ತಿರುವುಗಳಲ್ಲಿ ಡಾಂಬರಿನ ಮೇಲೇ ಪಾಚಿ ಕಟ್ಟುತ್ತದೆ, ನೆನೆದ ರಿಮ್ಮಿಗೆ ಬ್ರೇಕ್ ತಡವಾಗಿ ಹಿಡಿಯುತ್ತದೆ, ರಕ್ತ ಹೀರುವ ಉಂಬಳಗಳ ಕಾಟ ಬೇರೆ.

ಗೇರಿಲ್ಲದ ಸೈಕಲ್ಲಾದರೂ ಆದೀತು, ಏರಿನಲ್ಲಿ ತಳ್ಳಿಕೊಂಡು ಹೋದರಾಯಿತು. ಬ್ರೇಕ್ ಮಾತ್ರ ಪಕ್ಕಾ ಇರಬೇಕು. ಹಿಂದಿನ ದಿನವೇ ಪ್ರತಿ ಸೈಕಲ್ಲಿನ ಬ್ರೇಕ್ ರಬ್ಬರ್ ನೋಡಿ, ಗೆರೆ ಸವೆದಿದ್ದರೆ ಬದಲಿಸಿ. ಇಳಿಜಾರಿನಲ್ಲಿ ಮಕ್ಕಳು ಬ್ರೇಕ್ ಒತ್ತಿಕೊಂಡೇ ಇಳಿಯುತ್ತಾರೆ. ರಿಮ್ ಕಾದು ಟ್ಯೂಬ್ ಒಡೆಯುವುದೂ ಉಂಟು. ಒತ್ತಿ ಬಿಡುವುದನ್ನು, ತಿರುವಿಗೆ ಮೊದಲೇ ವೇಗ ಇಳಿಸುವುದನ್ನು ಊರಲ್ಲೇ ಕಲಿಸಿ. ಸೈಕಲ್‌ಗಳ ನಡುವೆ 10 ಮೀಟರ್ ಅಂತರವಿರಲಿ. ತಿರುವಿನ ಅಂಚಿನಲ್ಲಿ ಸಡಿಲ ಜಲ್ಲಿ ಇರುತ್ತದೆ, ಜಾರಿ ಬೀಳುವುದು ಹೆಚ್ಚಾಗಿ ಅಲ್ಲೇ. ಮುಂದೊಬ್ಬ, ಕೊನೆಗೊಬ್ಬ ಹಿರಿಯರು. ಪಂಪು, ಪ್ಯಾಚು, ಎರಡು ಟ್ಯೂಬು, ಪಾನಾ, ಚೈನ್ ಎಣ್ಣೆ ಕೊನೆಯವರ ಬಳಿಯೇ ಇರಬೇಕು, ಕೆಟ್ಟ ಸೈಕಲ್ ಹಿಂದುಳಿಯುವುದರಿಂದ. ತಲೆಗೆ ಹೆಲ್ಮೆಟ್, ತಲಾ 2 ಲೀಟರ್ ನೀರು, ಅವಲಕ್ಕಿ, ಬಾಳೆಹಣ್ಣು ಸಾಕು.

ನಿಂತು ನೋಡುತ್ತಾ ಹೋದರೆ ಗಂಟೆಗೆ ಏಳೆಂಟು ಕಿ.ಮೀ. ಮಾತ್ರ ಸಾಗುತ್ತದೆ. ಬೆಳಿಗ್ಗೆ 6.30ಕ್ಕೆ ಹೊರಡಿ.

ಸೊಪ್ಪಿನ ಬೆಟ್ಟ ಬಂದಾಗ ಮೊದಲ ನಿಲುಗಡೆ. ತೋಟದ ಗೊಬ್ಬರಕ್ಕೆಂದು ವರ್ಷವೂ ಸೊಪ್ಪು ಕಡಿದು ಮರಗಳು ಕಂಬದಂತೆ ನಿಂತಿರುತ್ತವೆ, ಬಿಸಿಲು ನೆಲಕ್ಕೇ ಬೀಳುತ್ತದೆ. ಅಲ್ಲೊಮ್ಮೆ ನೆರಳಿನಲ್ಲಿ ಥರ್ಮಾಮೀಟರ್ ಹಿಡಿದು ಉಷ್ಣಾಂಶ ಬರೆಸಿ. ಮುಂದೆ ದಟ್ಟ ಕಾನು ಬಂದಾಗ ಮತ್ತೊಮ್ಮೆ. ಎರಡೂ ಕಡೆ ಒಂದು ಹಿಡಿ ಮಣ್ಣು ಮುಟ್ಟಿಸಿ: ದರಕು (ಉದುರಿದ ಒಣ ಎಲೆ) ಎಷ್ಟು ದಪ್ಪ, ತೇವ ಎಷ್ಟು. ಯಾವ ಪಾಠಕ್ಕಿಂತಲೂ ಇದು ಚೆನ್ನಾಗಿ ತಲೆಗೆ ಹೋಗುತ್ತದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಬಳಿಯ ಕಳಸೆ ಕಾಡಿನಲ್ಲಿ ಮರ ಕಡಿಯುವುದನ್ನು ತಡೆಯಲು ಜನ ಮರ ಅಪ್ಪಿ ನಿಂತದ್ದನ್ನು (ಅಪ್ಪಿಕೋ ಚಳವಳಿ) ಹೇಳಲು ಕಾನಿನ ನೆರಳೇ ತಕ್ಕ ಜಾಗ.

ಈ ಸೀಮೆ ಸಿಂಗಳೀಕಗಳದ್ದು. ಅಘನಾಶಿನಿ ಕಣಿವೆಯ ಕಾಡು 2011ರಿಂದ ಅವುಗಳಿಗಾಗಿಯೇ ಸಂರಕ್ಷಿತ. ಕೂಗು ಕೇಳಿದರೆ ನಿಂತು ಮೇಲೆ ನೋಡಿ, ರಸ್ತೆ ಬಿಟ್ಟು ಒಳಗೆ ಹೋಗಬೇಡಿ. ತಿಂಡಿ ಹಾಕಲೇಬಾರದು, ರುಚಿ ಹತ್ತಿದ ಮಂಗ ರಸ್ತೆಗಿಳಿದು ಗಾಡಿಗೆ ಸಿಕ್ಕಿ ಸಾಯುತ್ತದೆ. ದೊಡ್ಡ ತಂಡವಾದರೆ ಅರಣ್ಯ ಇಲಾಖೆಯ ವಲಯ ಕಚೇರಿಗೆ ಮೊದಲೇ ಪತ್ರ ಕೊಡಿ.

ಕೊನೆಯ 5 ಕಿ.ಮೀ. ಹೆಗ್ಗರಣೆಯಿಂದ. ಮೊಬೈಲ್ ಸಿಗ್ನಲ್ ನಂಬಿ ಕೂರಬೇಡಿ, ನಕ್ಷೆ ಕಾಗದದಲ್ಲಿರಲಿ. 116 ಮೀಟರ್ ಎತ್ತರದ ಜಲಪಾತವನ್ನು ಕಟ್ಟೆಯ ಮೇಲಿಂದಲೇ ನೋಡಿಸಿ. ದಣಿದ ಕಾಲುಗಳನ್ನು ಹೊಳೆಯ ಬಂಡೆಗಳಿಗೆ ಇಳಿಸಬೇಡಿ.

ಅದೇ ದಿನ ತುಳಿದುಕೊಂಡು ಮರಳುವ ಯೋಚನೆ ಬೇಡ. ಸಣ್ಣ ಲಾರಿ ಗೊತ್ತು ಮಾಡಿ, ಪೆಡಲ್ ಕಳಚಿ, ಸೈಕಲ್ಲುಗಳ ನಡುವೆ ಗೋಣಿ ಇಟ್ಟು ಹಗ್ಗ ಬಿಗಿಯಿರಿ. ಇಲ್ಲವಾದರೆ ಇಳಿಸುವ ಹೊತ್ತಿಗೆ ಅರ್ಧದಷ್ಟು ಚಕ್ರಗಳ ಕಡ್ಡಿ ಬಾಗಿರುತ್ತದೆ.