ಮೂರನೇ ಸಾಲಿನ ದೊಡ್ಡಕ್ಕ ಕೈಗಿಟ್ಟ ಎರಡು ಗೇರುಬೀಜ

2018ರ ಜುಲೈ. ಹಿಂದಿನ ರಾತ್ರಿಯಿಂದ ಹಿಡಿದ ಮಳೆ ಬೆಳಿಗ್ಗೆನೂ ಬಿಟ್ಟಿರ್ಲಿಲ್ಲ, ಶಿರಸಿಯಿಂದ ಮೊದಲ ಬಸ್ಸಿಗೆ ಹೊರಟು ದೇವಿಮನೆ ಘಟ್ಟ ಇಳಿಯೋವಾಗ ಮುಂದಿನ ತಿರುವು ಕಾಣದಷ್ಟು ಮಂಜು. ಕುಮಟಾ ಹತ್ರದ ಒಂದು ಗೇರುಬೀಜ ಫ್ಯಾಕ್ಟರಿಗೆ ಕನ್ಸಲ್ಟೆಂಟ್ ಆಗಿ ಹೋಗ್ತಿದ್ದೆ, ಒಬ್ಬಳೇ, ಅದೂ ನಮ್ಮ ಜಿಲ್ಲೆಯಲ್ಲಿ ಮೊದಲ ಸಲ. ಆಯಿ ಥರ್ಮಾಸಿನಲ್ಲಿ ಕಷಾಯ ತುಂಬಿ ಕೊಟ್ಟಿದ್ಲು. ಹಿಂದಿನ ದಿನ ಮಾಲೀಕರು ಫೋನ್ ಮಾಡಿ, ಎಲ್ಲಾ ಮಾತಾಡಿ ಮುಗಿಸಿ ಕೊನೆಗೆ "ಮೇಡಂ, ನಾಳೆ ಸರ್ ಎಷ್ಟ್ ಗಂಟೆಗೆ ಬರ್ತಾರೆ?" ಅಂತ ಕೇಳಿದ್ರು. ನಾನೇ ಬರೋದು ಸರ್ ಅಂದೆ. ಆಮೇಲೆ ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

ನಂಗೆ ಆಗೆಲ್ಲಾ ಲಿಲಿಯನ್ ಗಿಲ್‌ಬ್ರೆತ್ ನೆನಪಾಗ್ತಾರೆ. ಕಾಲೇಜಲ್ಲಿ ವರ್ಕ್ ಸ್ಟಡಿ, ಅಂದ್ರೆ ಕೆಲಸ ಹೆಂಗೆ ನಡೀತದೆ, ಎಷ್ಟು ಹೊತ್ತು ಹಿಡೀತದೆ ಅಂತ ಅಳೆದು ಸುಧಾರಿಸೋ ವಿದ್ಯೆಯಲ್ಲಿ, ಮೊದ್ಲು ಸ್ಟಾಪ್‌ವಾಚ್ ಹಿಡಿದು ಕೆಲಸ ಅಳೆದ ಟೇಲರ್, ಆಮೇಲೆ ಗಿಲ್‌ಬ್ರೆತ್ ಅಂತ ಓದಿಸ್ತಿದ್ರು, ಅದು ಗಂಡ ಹೆಂಡತಿ ಇಬ್ರು ಅಂತ ನಂಗೆ ಗೊತ್ತಾಗಿದ್ದು ತಡವಾಗಿ. ಗಂಡ ಫ್ರಾಂಕ್ ಇಟ್ಟಿಗೆ ಕಟ್ಟೋ ಕೆಲಸದಲ್ಲಿ 18 ಚಲನೆ ಇದ್ದದ್ದನ್ನ ಐದರ ಹತ್ರಕ್ಕೆ ಇಳಿಸಿದವ್ರು. 1924ರಲ್ಲಿ ಅವ್ರು ತೀರ್ಕೊಂಡಾಗ, ಹೆಂಗಸು ಒಬ್ಬಳೇ ಅಂತ ಎಷ್ಟೋ ಕಂಪನಿಗಳು ಕಾಂಟ್ರಾಕ್ಟ್ ಮುಂದುವರಿಸ್ಲಿಲ್ಲ. ಮನೆ ತುಂಬಾ ಮಕ್ಕಳು, ಪಿಎಚ್‌ಡಿ ಆಗಿದೆ, ಗಂಡನ ಜೊತೆ ಅಷ್ಟು ವರ್ಷ ಅದೇ ಕೆಲಸ ಮಾಡಿದ್ದಾರೆ, ಆದ್ರೂ ಹಾಗೆ. ಅವ್ರು ಬಿಡ್ಲಿಲ್ಲ, ಮನೆಯಲ್ಲೇ ಮೋಶನ್ ಸ್ಟಡಿ, ಅಂದ್ರೆ ಕೆಲಸದ ಚಲನೆಗಳ ಅಧ್ಯಯನದ ಕ್ಲಾಸ್ ಶುರು ಮಾಡಿದ್ರು, 1935ರಲ್ಲಿ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್ ಆದ್ರು. ಇನ್ನೂ ಒಂದು ವಿಷಯ ನಂಗೆ ತುಂಬಾ ಇಷ್ಟ, ಆ ಇಬ್ರೂ ಕೆಲಸದ ಸ್ಪೀಡಿನಷ್ಟೇ ಕೆಲಸಗಾರರ ಆಯಾಸದ ಬಗ್ಗೆನೂ ತಲೆ ಕೆಡಿಸ್ಕೊಂಡವ್ರು, ಕೂತು ಕೆಲಸ ಮಾಡೋ ಕುರ್ಚಿ ಹೆಂಗಿರ್ಬೇಕು ಅಂತ ಕುರ್ಚಿಗಳನ್ನೇ ಕೂಡಿಹಾಕಿ ತೋರಿಸ್ತಿದ್ರು.

ನನ್ನ ಮೊದಲ ಕೆಲಸ ಬೆಂಗಳೂರಿನ ಒಂದು ಗಾರ್ಮೆಂಟ್ಸ್‌ನಲ್ಲಿ, ಇಂಡಸ್ಟ್ರಿಯಲ್ ಎಂಜಿನಿಯರಿಂಗ್ ಟ್ರೈನಿ. ಒಂದೊಂದು ಆಪರೇಶನ್ನಿಗೂ ಎಷ್ಟು ನಿಮಿಷ ಅಂತ ಸ್ಟಾಪ್‌ವಾಚ್ ಹಿಡಿದು ಅಳೆಯೋದು, ಕೆಲಸಗಾರರ ವೇಗಕ್ಕೆ ರೇಟಿಂಗ್ ಹಾಕೋದು, ದಣಿವು, ವಿರಾಮಕ್ಕೆ ಅಂತ ಒಂದಿಷ್ಟು ಸಮಯ ಸೇರ್ಸೋದು, ಕೊನೆಗೆ ಆ ಕೆಲಸಕ್ಕೆ ನಿಗದಿ ಆಗೋ ನಿಮಿಷ, ಅದೇ ಎಸ್‌ಎಎಮ್. ಕಾಲರ್ ಹಚ್ಚೋ ಒಬ್ಬ ಅಕ್ಕ ಇದ್ರು, ಮಂಡ್ಯ ಕಡೆಯವ್ರು, ದಿನಾ ಕ್ಯಾಂಟೀನಲ್ಲಿ ನನ್ನ ಪಕ್ಕ ಕೂತು ಊಟ ಮಾಡೋರು. ಒಂದಿನ ನಾನು ಅವ್ರದ್ದೇ ಟೈಮ್ ತಗೊಂಡೆ. ನಾನು ನೋಡ್ತಿದ್ದೀನಿ ಅಂತ ಪ್ರೀತಿಯಿಂದ ಬೇಗ ಬೇಗ ಮಾಡಿ ತೋರಿಸಿದ್ರು. ನಾನು ಆ ವೇಗನ ಮಾಮೂಲಿ ಅಂತ ಬರ್ಕೊಂಡೆ, ಎರಡು ದಿನಕ್ಕೆ ಲೈನಿನ ಟಾರ್ಗೆಟ್ ಏರ್ತು. ಮಾರನೇ ದಿನದಿಂದ ಅವ್ರು ಬೇರೆ ಟೇಬಲ್‌ಗೆ ಹೋಗಿ ಕೂತ್ರು. ಆಮೇಲೆ ಆಟೋ ಪಾರ್ಟ್ಸ್ ಫ್ಯಾಕ್ಟರಿ, ಆಮೇಲೆ ಕನ್ಸಲ್ಟಿಂಗ್, ಎಲ್ಲಾ ಆಯ್ತು, ಆ ಟೇಬಲ್ ಮಾತ್ರ ಮರೆತಿಲ್ಲ.

ಕುಮಟಾಕ್ಕೆ ಬರ್ತೀನಿ. ಮಾಲೀಕರ ಲೆಕ್ಕ ಸ್ಪಷ್ಟ ಇತ್ತು. ಮಳೆಗಾಲ ಬಂದ್ರೆ ಒಡೆದ ಬೀಜದ ತುಂಡು ಜಾಸ್ತಿ ಆಗ್ತದೆ, ಪೀಲಿಂಗ್ ಅಂದ್ರೆ ಬೀಜದ ಕೆಂಪು ಸಿಪ್ಪೆ ಸುಲಿಯೋ ಹೆಂಗಸರು ಮಾತಾಡ್ತಾ ಕೂರ್ತಾರೆ, ಯಾರು ಸ್ಲೋ ಯಾರು ತುಂಡು ಮಾಡೋರು ಅಂತ ಪಟ್ಟಿ ಕೊಡಿ. ತುಂಡಿನ ಸಂಕಟ ಸುಳ್ಳಲ್ಲ. ಡಬ್ಲ್ಯು 320 ಅಂದ್ರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜ ಬರೋ ಸೈಜು, ಅದೇ ಬೀಜ ಒಡೆದ್ರೆ ಮಾರೋ ರೇಟು ಬಿದ್ದುಹೋಗ್ತದೆ. ಆದ್ರೆ ಹೆಂಗಸರಿಗೂ ಕೂಲಿ ಕಿಲೋ ಲೆಕ್ಕದಲ್ಲೇ, ಇಡೀ ಬೀಜಕ್ಕೆ ಒಂದು ರೇಟು, ತುಂಡಿಗೆ ಕಮ್ಮಿ. ಬೇಕಂತ ಯಾರು ಒಡೀತಾರೆ?

ಮೊದ್ಲು ಇಡೀ ಫ್ಯಾಕ್ಟರಿ ಸುತ್ತಿದೆ. ಬೀಜ ಹಬೆಯಲ್ಲಿ ಬೇಯಿಸಿ ಆರಿಸಿಟ್ಟು, ಕಾಲಲ್ಲಿ ತುಳಿಯೋ ಮಿಶಿನ್ನಿನಲ್ಲಿ ಕಟಿಂಗ್. ಆ ಚಿಪ್ಪಿನ ಎಣ್ಣೆ ಚರ್ಮ ಸುಡ್ತದೆ, ಕಟಿಂಗ್ ಹೆಂಗಸರ ಬೆರಳುಗಳೆಲ್ಲಾ ಕಪ್ಪು. ಆಮೇಲೆ ಬೋರ್ಮಾ, ಅಂದ್ರೆ ಬಿಸಿಗಾಳಿ ಗೂಡು, ಅಲ್ಲಿ ಟ್ರೇಗಳಲ್ಲಿ ಒಣಗಿಸ್ತಾರೆ. ಆಮೇಲೆ ಪೀಲಿಂಗ್ ಹಾಲ್. ಒಳಗೆ ಕಾಲಿಟ್ಟು ಸ್ಟಾಪ್‌ವಾಚ್ ತೆಗೆದದ್ದೇ ತಡ, ಮಾತೆಲ್ಲಾ ನಿಂತು, ಬರೀ ಹಂಚಿನ ಮೇಲೆ ಮಳೆ ಬೀಳೋ ಸದ್ದು. ಅಷ್ಟೂ ಜನ ತಲೆ ತಗ್ಗಿಸಿದ್ರು. ನಂಗೆ ಎದೆ ಧಸಕ್ ಅಂತು, ಮತ್ತದೇ ಟೇಬಲ್ ನೆನಪಾಯ್ತು. ವಾಚನ್ನ ಬ್ಯಾಗಿಗೆ ಹಾಕ್ದೆ.

ಮೂರನೇ ಸಾಲಲ್ಲಿ ವಯಸ್ಸಾದ ಒಬ್ರು ಇದ್ರು, ಎಲ್ರೂ ದೊಡ್ಡಕ್ಕ ಅಂತಿದ್ರು. ಅವ್ರ ಪಕ್ಕ ನೆಲದ ಮೇಲೆ ಕೂತ್ಕೊಂಡೆ. ಸುಮಾರು ಹೊತ್ತು ಅವ್ರೂ ಮಾತಾಡ್ಲಿಲ್ಲ, ನಾನೂ ಆಡ್ಲಿಲ್ಲ. ಆಮೇಲೆ ಎರಡು ಬೇರೆ ಬೇರೆ ಟ್ರೇಯಿಂದ ಒಂದೊಂದು ಬೀಜ ತೆಗೆದು ನನ್ನ ಅಂಗೈಲಿ ಇಟ್ರು. "ಅಕ್ಕೋರೇ, ಇದು ಬೆಳಿಗ್ಗೆ ಬೋರ್ಮಾದಿಂದ ಬಂದದ್ದು. ಇದು ನಿನ್ನೇದು. ನೀವೇ ಸುಲ್ದು ನೋಡಿ."

ಬೆಳಿಗ್ಗೇದು ಹೆಬ್ಬೆರಳಲ್ಲಿ ಒಂಚೂರು ಉಜ್ಜಿದ್ರೆ ಸಾಕು, ಕೆಂಪು ಸಿಪ್ಪೆ ಪರಪರ ಅಂತ ಉದುರಿ ಒಳಗಿಂದ ಬಿಳೀ ಬೀಜ ಬಂತು. ನಿನ್ನೇದು ಮೆತ್ತಗೆ, ಸಿಪ್ಪೆ ಅಂಟಿ ಕೂತಿದೆ, ಉಗುರಲ್ಲಿ ಕೆರೆದೆ, ಬರ್ಲಿಲ್ಲ, ಚೂರಿ ಕೊಟ್ರು, ತುದಿಯಿಂದ ಎಬ್ಬಿಸೋಕೆ ಹೋದೆ, ಟಪ್ ಅಂತ ಎರಡು ಹೋಳು. ನಾನೇ ಒಡೆದದ್ದು. ದೊಡ್ಡಕ್ಕ ಏನೂ ಅನ್ಲಿಲ್ಲ, ಆ ಹೋಳುಗಳನ್ನ ತಮ್ಮ ತುಂಡಿನ ಡಬ್ಬಿಗೆ ಹಾಕ್ಕೊಂಡ್ರು.

ಆಮೇಲೆ ಇಡೀ ದಿನ ನಾನು ಕೈಗಳನ್ನ ನೋಡ್ಲೇ ಇಲ್ಲ, ಟ್ರೇಗಳ ಹಿಂದೆ ಬಿದ್ದೆ. ಬೋರ್ಮಾದಿಂದ ಹೊರಗೆ ಬರೋ ಪ್ರತಿ ಟ್ರೇ ಮೇಲೆ ಸೀಮೆಸುಣ್ಣದಲ್ಲಿ ಟೈಮ್ ಬರೆದೆ. ಬೋರ್ಮಾಕ್ಕೂ ಹಾಲಿಗೂ ನಡುವೆ ಗೋಡೆಗೆ ಒತ್ತಿಟ್ಟ ಒಂದು ರ್‍ಯಾಕ್ ಇತ್ತು, ಒಂದೇ ಬಾಯಿ. ಹೊಸ ಟ್ರೇ ಬಂದ್ರೆ ಹಳೇದನ್ನ ಹಿಂದೆ ತಳ್ಳಿ ಮುಂದೆ ಇಡೋದು, ತೆಗೆಯೋರು ಮುಂದಿನದ್ದನ್ನೇ ತೆಗೆಯೋದು. ಹಿಂದಿನದ್ದು ಹಿಂದೇ ಉಳೀತದೆ. ನಮ್ಮ ಕರಾವಳಿಯ ಜುಲೈ ಗಾಳಿ ಅಂದ್ರೆ ಹಪ್ಪಳದ ಡಬ್ಬಿ ಮುಚ್ಚಳ ತೆರೆದಿಟ್ರೆ ಏನಾಗ್ತದೆ ಅಂತ ಎಲ್ರಿಗೂ ಗೊತ್ತು, ಬೀಜಕ್ಕೂ ಅದೇ ಕತೆ, ಗೂಡಲ್ಲಿ ಬಿಟ್ಟುಕೊಂಡ ಸಿಪ್ಪೆ ತೇವ ಕುಡಿದು ಮತ್ತೆ ಹಿಡ್ಕೊಳ್ತದೆ. ನಮ್ಮಲ್ಲಿ ಲಿಟಲ್ಸ್ ಲಾ ಅಂತ ಓದ್ತೀವಿ, ಸುಲಭದ ಲೆಕ್ಕ. ರ್‍ಯಾಕಿನಲ್ಲಿ 60 ಟ್ರೇ ಇದ್ದು ಗಂಟೆಗೆ 20 ಖಾಲಿ ಆದ್ರೆ ಒಂದು ಟ್ರೇ ಸರಾಸರಿ ಮೂರು ಗಂಟೆ ಕಾಯ್ತದೆ. ಅದೂ ಸರಾಸರಿ. ಗೋಡೆ ಕಡೆಯದ್ದು ರಾತ್ರಿ ಕಳೆದು ಮಾರನೇ ದಿನ ಸಾಲಿಗೆ ಬರ್ತಿತ್ತು, ಯಾರ ಮುಂದೆ ಬಂತೋ ಅವ್ರ ಆ ದಿನದ ಕೂಲಿ ಹೋಯ್ತು.

ಸಂಜೆ ಆಫೀಸಲ್ಲಿ ಮಾಲೀಕರು ಪೆನ್ನು ಹಿಡಿದು "ಹೇಳಿ, ಯಾರ್ ಯಾರು?" ಅಂದ್ರು. ಹೆಸರು ಇಲ್ಲ ಸರ್ ಅಂದೆ. ಅವ್ರನ್ನ ಹಾಲಿಗೇ ಕರ್ಕೊಂಡು ಹೋಗಿ ಎರಡು ಬೀಜ ಅಂಗೈಗೆ ಇಟ್ಟೆ, ದೊಡ್ಡಕ್ಕ ನಂಗೆ ಮಾಡಿದ ಹಾಗೇ. ಅವ್ರ ಕೈಯಲ್ಲೂ ನಿನ್ನೇದು ಒಡೀತು. ರ್‍ಯಾಕನ್ನ ಗೋಡೆಯಿಂದ ಈಚೆ ಎಳೆದು ಎರಡೂ ಕಡೆ ಬಾಯಿ ಮಾಡೋದು, ಬೋರ್ಮಾ ಕಡೆಯಿಂದ ಇಡೋದು, ಹಾಲ್ ಕಡೆಯಿಂದ ತೆಗೆಯೋದು, ಟ್ರೇ ಮೇಲೆ ಟೈಮು, ರಾತ್ರಿ ಉಳಿದ್ರೆ ಪ್ಲಾಸ್ಟಿಕ್ ಮುಚ್ಚಿ ಬೆಳಿಗ್ಗೆ ಮತ್ತೆ ಬಿಸಿಗೆ ಹಾಕೋದು, ಅಷ್ಟೇ ಹೇಳಿದ್ದು. ಜೊತೆಗೆ ಒಂದು ಮಾತು ಖಡಾಖಂಡಿತ ಹೇಳ್ದೆ, ಕೆಲಸ ಸಲೀಸಾಯ್ತು ಅಂತ ಕಿಲೋ ರೇಟು ಇಳಿಸೋದಾದ್ರೆ ನನ್ನ ರಿಪೋರ್ಟ್ ವಾಪಸ್ ಕೊಡಿ, ಫೀಸೂ ಬೇಡ. ಸುಮಾರು ಹೊತ್ತು ಸುಮ್ಮನಿದ್ದು, ಎರಡು ವಾರ ನೋಡೋಣ ಅಂದ್ರು.

ಎರಡು ವಾರ ಬಿಟ್ಟು ಹೋದಾಗ ರೇಟು ಹಾಗೇ ಇತ್ತು, ತುಂಡಿನ ಡಬ್ಬಿಗಳು ಮಧ್ಯಾಹ್ನದ ಹೊತ್ತಿಗೂ ಅರ್ಧ ತುಂಬಿರ್ಲಿಲ್ಲ. ರ್‍ಯಾಕಿನ ಹತ್ರ ಸೀಮೆಸುಣ್ಣ ಒಂದು ದಾರದಲ್ಲಿ ಕಟ್ಟಿ ನೇತಾಕಿದ್ರು. ಈ ಸಲ ನಾನು ಒಳಗೆ ಬಂದ್ರೆ ಮಾತು ನಿಲ್ಲಲಿಲ್ಲ. ದೊಡ್ಡಕ್ಕ ನನ್ನ ಕೈಲಿದ್ದ ನೋಟ್‌ಬುಕ್ ನೋಡಿ, ತಾವು ಕೂತಿದ್ದ ಬೆಂಚನ್ನ ತಟ್ಟಿ ತೋರ್ಸಿದ್ರು. "ಅಕ್ಕೋರೇ, ಇದ್ಕೆ ಹಿಂದೆ ಒರಗೂಕೆ ಒಂದು ಹಲಗೆ ಬೇಕು. ಸಂಜೆ ಹೊತ್ತಿಗೆ ಸೊಂಟ ಬಿದ್ದೋಗ್ತದೆ. ಅದ್ನೂ ಬರ್ಕಳಿ."

ಅವ್ರ ಪಕ್ಕ ಅದೇ ಬೆಂಚಲ್ಲಿ ಕೂತು ಎತ್ತರ ಅಳತೆ ತಗೊಂಡೆ.